ಕಾಲಾಳಿಗೂ ಒಂದು ಹೆಸರುಂಟು

ಆಟವು ಬಾಲ್ಯದ ಒಡನಾಡಿ. ಚೌಕಾಬಾರ, ಚನ್ನೆಮಣೆ, ಪಗಡೆ, ಚದುರಂಗಗಳನ್ನು ಆಡಿ ಬೆಳೆದ ಹಿರಿಯರು ಇಂದಿಗೂ ನಮ್ಮ ಮನೆಗಳಲ್ಲಿದ್ದಾರೆ. ಅವರ ಮೊಮ್ಮಕ್ಕಳ ಕೈಯಲ್ಲಿ ಈಗ ಗಾಜಿನ ಪರದೆಯ ಪುಟ್ಟ ಯಂತ್ರಗಳು ಬಂದಿವೆ. ಆ ಯಂತ್ರದೊಳಗೆ ಮಕ್ಕಳು ಏನನ್ನು ಆಡುತ್ತಾರೆ, ಅದರಿಂದ ಅವರ ಮನಸ್ಸಿಗೆ ಏನು ಸೇರುತ್ತದೆ ಎಂಬುದನ್ನು ವಿಚಾರಿಸುವ ವ್ಯವಧಾನ ನಮ್ಮಲ್ಲಿ ಬಹುಮಂದಿಗಿಲ್ಲ. ವಿಡಿಯೋ ಗೇಮ್ ಎಂದೊಡನೆ ಗುಂಡಿನ ಸದ್ದು, ಓಡುವ ಕಾರು, ಕಣ್ಣಿಗೆ ಕೇಡು ಎಂದು ತೀರ್ಮಾನಿಸಿ ಸುಮ್ಮನಾಗುತ್ತೇವೆ. ನಾನೂ ಮೊನ್ನೆ ಮೊನ್ನೆಯವರೆಗೆ ಹಾಗೆಯೇ ತಿಳಿದಿದ್ದೆ.

ಬೇಸಿಗೆಯ ರಜೆಗೆ ಬೆಂಗಳೂರಿನಿಂದ ಬಂದ ಮೊಮ್ಮಗಳು, ಒಂಬತ್ತನೆಯ ತರಗತಿಯವಳು, ಮಧ್ಯಾಹ್ನದ ಊಟವಾದ ಮೇಲೆ ಪಡಸಾಲೆಯ ಕಂಬಕ್ಕೊರಗಿ ಯಂತ್ರವನ್ನು ಹಿಡಿದು ಕುಳಿತಿದ್ದಳು. ಗದರಬೇಕೆಂದೇ ಹತ್ತಿರ ಹೋದೆ. ನೋಡಿದರೆ ಅವಳ ಬೆರಳುಗಳು ಅಲುಗುತ್ತಲೇ ಇಲ್ಲ. ಕಣ್ಣು ಮಾತ್ರ ಪರದೆಯ ಮೇಲಿದೆ. "ಆಟ ನಿಂತುಹೋಯಿತೇನಮ್ಮ?" ಎಂದು ಕೇಳಿದೆ. "ಇಲ್ಲ ಅಜ್ಜ, ಯೋಚನೆ ಮಾಡ್ತಿದೀನಿ. ನಾನು ನಡೆಸೋ ತನಕ ಅದು ಕಾಯುತ್ತೆ" ಎಂದಳು.

ಕಾಯುವ ಆಟ! ಈ ಮಾತು ನನ್ನನ್ನು ಅಲ್ಲಿಯೇ ಕೂರಿಸಿತು. ಆ ರಜೆಯ ಹಲವು ಮಧ್ಯಾಹ್ನಗಳು ಹೀಗೆಯೇ ಕಳೆದವು. ಅವಳು ಇಂಗ್ಲಿಷಿನಲ್ಲಿ ಬಂದ ಮಾತುಗಳನ್ನು ಓದಿ ಕನ್ನಡದಲ್ಲಿ ಕಥೆ ಹೇಳುವಳು, ನಾನು ಕೇಳುವೆನು. ಆ ಆಟದ ಹೆಸರು 'ಗಾಡ್ ವಾರ್ಸ್'. ಜಪಾನಿನ ಕಡೊಕಾವಾ ಗೇಮ್ಸ್ ಸಂಸ್ಥೆಯು 2017ರಲ್ಲಿ ಹೊರತಂದ ಈ ಆಟಕ್ಕೆ ಆ ದೇಶದ ಪ್ರಾಚೀನ ಪುರಾಣವೇ ಆಧಾರ. ಅದರೊಳಗಿನ ಒಂದು ಪ್ರಶ್ನೆ ನಮ್ಮೆಲ್ಲರ ಮನೆಗೂ ಸಲ್ಲುವಂಥದು. ಆದುದರಿಂದ ಅದನ್ನು ಓದುಗರ ಮುಂದಿಡುತ್ತಿದ್ದೇನೆ.

ಚದುರಂಗದ ದೂರದ ಮೊಮ್ಮಗು

ಮೊದಲು ಈ ಜಾತಿಯ ಆಟದ ಸ್ವರೂಪವನ್ನು ತಿಳಿಯೋಣ. ಇದನ್ನು ರಣತಂತ್ರದ ಪಾತ್ರಾಭಿನಯದ ಆಟ ಎನ್ನಬಹುದು. ಪರದೆಯ ಮೇಲೆ ಬೆಟ್ಟ, ಹೊಳೆ, ಕಾಡುಗಳುಳ್ಳ ಒಂದು ನೆಲ. ಆ ನೆಲವೆಲ್ಲ ಚದುರಂಗದ ಹಾಸಿನಂತೆ ಚೌಕ ಚೌಕವಾದ ಮನೆಗಳು. ನಮ್ಮ ಕಡೆ ಐದಾರು ಮಂದಿ, ಎದುರು ಕಡೆ ಅಷ್ಟೇ ಅಥವಾ ಹೆಚ್ಚು ಮಂದಿ. ಸರದಿ ಬಂದಾಗ ಒಬ್ಬೊಬ್ಬರನ್ನು ಇಷ್ಟಿಷ್ಟು ಮನೆ ನಡೆಸಿ ಹೊಡೆಯಬಹುದು, ಗಾಯಗೊಂಡವರಿಗೆ ಶುಶ್ರೂಷೆ ಮಾಡಬಹುದು, ಅಥವಾ ಸುಮ್ಮನಿರಬಹುದು. ಎತ್ತರದ ನೆಲದಲ್ಲಿ ನಿಂತವನಿಗೆ ಒಂದು ಅನುಕೂಲ, ಬೆನ್ನು ಕೊಟ್ಟವನಿಗೆ ಒಂದು ಅಪಾಯ. ಅವಸರದಿಂದ ಇಲ್ಲಿ ಏನೂ ಸಿದ್ಧಿಸುವುದಿಲ್ಲ.

ಇದರ ವಂಶಾವಳಿಯನ್ನು ಹುಡುಕುತ್ತ ಹೋದರೆ ನಮ್ಮ ದೇಶಕ್ಕೇ ಬಂದು ಮುಟ್ಟುತ್ತೇವೆ. ರಥ, ಗಜ, ತುರಗ, ಪದಾತಿಗಳೆಂಬ ನಾಲ್ಕು ಅಂಗಗಳ ಸೇನೆಯಿಂದ ಹೆಸರು ಪಡೆದ ಚತುರಂಗವು ಇಲ್ಲಿ ಹುಟ್ಟಿ ಪಶ್ಚಿಮಕ್ಕೂ ಪೂರ್ವಕ್ಕೂ ಹರಿಯಿತು. ಜಪಾನಿನಲ್ಲಿ ಅದರ ಸಂತತಿಗೆ ಶೋಗಿ ಎಂದು ಹೆಸರು. ಒಂಬತ್ತು ಸಾಲು, ಒಂಬತ್ತು ಕಂಬ. ಒಬ್ಬೊಬ್ಬನಿಗೆ ಇಪ್ಪತ್ತು ಕಾಯಿ. ಶೋಗಿಯಲ್ಲಿ ಒಂದು ವಿಶೇಷವುಂಟು. ಹಿಡಿದ ಕಾಯಿಯನ್ನು ಪೆಟ್ಟಿಗೆಗೆ ಹಾಕುವುದಿಲ್ಲ. ಹಿಡಿದವನು ಅದನ್ನು ತನ್ನ ಕಡೆಯ ಕಾಯಿಯಾಗಿ ಮತ್ತೆ ಹಾಸಿನ ಮೇಲೆ ಇಡಬಹುದು. ಸೋತವನಿಗೂ ಅಲ್ಲಿ ಮರುಜೀವವಿದೆ.

ನಾನು ಚದುರಂಗ ಕಲಿತದ್ದು ಮಠದ ಪಡಸಾಲೆಯಲ್ಲಿ. ಪಾಠಶಾಲೆಯ ಹಿರಿಯ ವಿದ್ಯಾರ್ಥಿಯೊಬ್ಬರು ಕಲಿಸಿದ ಮೊದಲ ಸೂತ್ರವೆಂದರೆ ಕಾಲಾಳನ್ನು ಕೊಡಲು ಹಿಂಜರಿಯಬಾರದು ಎಂಬುದು. ಒಂದು ಕಾಲಾಳು ಹೋದರೆ ಕುದುರೆಗೆ ದಾರಿ. ಎರಡು ಹೋದರೆ ಮಂತ್ರಿಗೆ ದಾರಿ. ಕಾಲಾಳಿಗೆ ಹೆಸರಿಲ್ಲ, ಮುಖವಿಲ್ಲ. ಹೋದರೆ ಯಾರೂ ಅಳುವುದಿಲ್ಲ.

ವಿಡಿಯೋ ಆಟದ ಜಪಾನೀ ರಚನಕಾರರು ಈ ಸ್ಥಳದಲ್ಲಿಯೇ ಒಂದು ಹೊಸ ಹೆಜ್ಜೆಯಿಟ್ಟರು. 1990ರಲ್ಲಿ ನಿಂಟೆಂಡೋ ಸಂಸ್ಥೆ ಪ್ರಕಟಿಸಿದ 'ಫೈರ್ ಎಂಬ್ಲೆಮ್' ಎಂಬ ಆಟದಲ್ಲಿ ಪ್ರತಿ ಸೈನಿಕನಿಗೂ ಒಂದು ಹೆಸರು, ಒಂದು ಮುಖ, ತನ್ನದೇ ಆದ ಮಾತು. ಅವನು ರಣದಲ್ಲಿ ಬಿದ್ದರೆ ಬಿದ್ದನೇ. ಮುಂದಿನ ಅಧ್ಯಾಯಗಳಲ್ಲಿ ಮತ್ತೆ ಬರುವುದಿಲ್ಲ. ಎಷ್ಟೋ ಮಂದಿ ಆಟಗಾರರು ಗೆದ್ದ ಯುದ್ಧವನ್ನೂ ಕೈಬಿಟ್ಟು, ಸತ್ತ ಒಬ್ಬನಿಗಾಗಿ ಮೊದಲಿನಿಂದ ಆಡುತ್ತಿದ್ದರು. 1995ರಲ್ಲಿ ಬಂದ 'ಟ್ಯಾಕ್ಟಿಕ್ಸ್ ಓಗರ್' ಎಂಬುದು ಇನ್ನೂ ಮುಂದೆ ಹೋಯಿತು. ಯಾಸುಮಿ ಮಾತ್ಸುನೊ ಎಂಬವರು ರೂಪಿಸಿದ ಆ ಆಟದಲ್ಲಿ, ಸ್ವಜನರೇ ಇರುವ ಒಂದು ಊರನ್ನು ಕೊಂದು ಅಪವಾದವನ್ನು ಶತ್ರುವಿನ ತಲೆಗೆ ಕಟ್ಟಬೇಕೆಂದು ತರುಣ ನಾಯಕನಿಗೆ ಆಜ್ಞೆಯಾಗುತ್ತದೆ. ಒಪ್ಪುವುದೋ ಬಿಡುವುದೋ ಎಂಬುದನ್ನು ಆಡುವವನೇ ನಿರ್ಧರಿಸಬೇಕು. ಅಲ್ಲಿಂದ ಮುಂದೆ ಕಥೆ ಬೇರೆ ಬೇರೆ ದಾರಿ ಹಿಡಿಯುತ್ತದೆ. 1997ರ 'ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್' ಇದೇ ಪರಂಪರೆಗೆ ಸೇರಿದ್ದು.

ಇವುಗಳಲ್ಲಿ ಹೆಚ್ಚಿನವು ಯುರೋಪಿನ ಕೋಟೆ, ಕುದುರೆ ಸವಾರ, ಡ್ರ್ಯಾಗನ್ನುಗಳ ಲೋಕವನ್ನೇ ಆರಿಸಿಕೊಂಡವು. ಸ್ವದೇಶದ ಪುರಾಣವನ್ನು ಮುಟ್ಟಿದವರೂ ಇದ್ದರು. ಆಯಾ ನಿಶಿತಾನಿ ಎಂಬ ಲೇಖಕರ ಕಾದಂಬರಿಯನ್ನು ಅನುಸರಿಸಿ 1987ರಲ್ಲಿ ಬಂದ 'ಮೆಗಾಮಿ ತೆನ್ಸೇ'ಯಲ್ಲಿ ಜಪಾನಿನ ಆದಿಮಾತೆಯ ಪುನರ್ಜನ್ಮದ ಪ್ರಸ್ತಾಪವಿದೆ. ಅದೇ ಮನೆತನದ 'ಮಾಜಿನ್ ತೆನ್ಸೇ' 1994ರಲ್ಲಿ ಚೌಕದ ಮನೆಗಳ ಯುದ್ಧವಾಗಿ ಬಂದಿತು. 'ಗಾಡ್ ವಾರ್ಸ್' ಮಾತ್ರ ತೊಂಬತ್ತರ ದಶಕದ ಆ ಹಳೆಯ ಪದ್ಧತಿಯನ್ನು ಬೇಕೆಂದೇ ಉಳಿಸಿಕೊಂಡು, ಕಥೆಯನ್ನೆಲ್ಲ ಜಪಾನಿನ ಪುರಾಣಕ್ಕೂ ಜಾನಪದಕ್ಕೂ ಒಪ್ಪಿಸಿತು.

ಕೋಜಿಕಿ ಹೇಳುವ ಕಥೆ

ಜಪಾನಿನ ಪುರಾಣಗಳಿಗೆ ಮೂಲವಾದ ಗ್ರಂಥ ಕೋಜಿಕಿ. ಹಿಯೆದಾ ನೊ ಆರೆ ಎಂಬ ಅಸಾಧಾರಣ ಸ್ಮರಣಶಕ್ತಿಯ ವ್ಯಕ್ತಿಯು ಕಂಠಸ್ಥ ಮಾಡಿಕೊಂಡಿದ್ದ ವೃತ್ತಾಂತಗಳನ್ನು ಓ ನೊ ಯಾಸುಮಾರೋ ಎಂಬ ವಿದ್ವಾಂಸನು ಬರೆದು, ಕ್ರಿ.ಶ. 712ರಲ್ಲಿ ಸಾಮ್ರಾಜ್ಞಿ ಗೆನ್‌ಮೇಗೆ ಅರ್ಪಿಸಿದನು. ಬಾಯಿಂದ ಬಾಯಿಗೆ ಬಂದದ್ದು ಬರಹಕ್ಕಿಳಿದ ಈ ಬಗೆ ನಮಗೆ ಅಪರಿಚಿತವಾದುದಲ್ಲ. ಎಂಟು ವರ್ಷಗಳ ನಂತರ, 720ರಲ್ಲಿ, ನಿಹೋನ್ ಶೋಕಿ ಎಂಬ ಇನ್ನೊಂದು ಗ್ರಂಥ ಸಿದ್ಧವಾಯಿತು.

ಕೋಜಿಕಿಯ ಪ್ರಕಾರ ಇಜಾನಾಗಿ ಮತ್ತು ಇಜಾನಾಮಿ ಎಂಬ ದಂಪತಿಗಳು ದ್ವೀಪಗಳನ್ನೂ ದೇವತೆಗಳನ್ನೂ ಹೆತ್ತರು. ಅಗ್ನಿದೇವತೆಯನ್ನು ಹೆರುವಾಗ ತಾಯಿ ಸುಟ್ಟು ಮಡಿದಳು. ಪತಿಯು ಅವಳನ್ನು ಹುಡುಕುತ್ತ ಯೋಮಿ ಎಂಬ ಮೃತರ ಲೋಕಕ್ಕೆ ಹೋದನು, ನೋಡಬಾರದೆಂದರೂ ನೋಡಿದನು, ಕೊಳೆತ ದೇಹವನ್ನು ಕಂಡು ಓಡಿಬಂದು ದಾರಿಗೆ ಬಂಡೆಯನ್ನು ಅಡ್ಡವಿಟ್ಟನು. ಬಂಡೆಯ ಆಚೆಯಿಂದ ಅವಳು ದಿನಕ್ಕೆ ಸಾವಿರ ಜನರನ್ನು ಕೊಲ್ಲುವೆನೆಂದಳು. ಈಚೆಯಿಂದ ಅವನು ದಿನಕ್ಕೆ ಸಾವಿರದ ಐನೂರು ಬಾಣಂತಿಕೋಣೆಗಳನ್ನು ಕಟ್ಟಿಸುವೆನೆಂದನು. ಬಳಿಕ ಸಾವಿನ ಮೈಲಿಗೆಯನ್ನು ಕಳೆಯಲು ಅವನು ನೀರಿಗಿಳಿದು ತೊಳೆದುಕೊಂಡಾಗ ಎಡಗಣ್ಣಿನಿಂದ ಸೂರ್ಯದೇವತೆ ಅಮಾತೆರಾಸು, ಬಲಗಣ್ಣಿನಿಂದ ಚಂದ್ರದೇವತೆ ತ್ಸುಕುಯೋಮಿ, ಮೂಗಿನಿಂದ ಸುಸಾನೊ ಹುಟ್ಟಿದರು.

ಈ ಗ್ರಂಥದಲ್ಲಿ ಬಲಿಯ ಕಥೆಗಳು ಎರಡು ರೀತಿಯಾಗಿ ಬರುತ್ತವೆ. ಇಜುಮೊ ಪ್ರದೇಶದಲ್ಲಿ ಎಂಟು ತಲೆಗಳ ಮಹಾಸರ್ಪವು ವರ್ಷಕ್ಕೊಂದರಂತೆ ಒಂದು ವೃದ್ಧ ದಂಪತಿಗಳ ಏಳು ಹೆಣ್ಣುಮಕ್ಕಳನ್ನು ನುಂಗಿತ್ತು. ಎಂಟನೆಯವಳಾದ ಕುಶಿನಾದಾಳ ಸರದಿ ಬಂದಾಗ ಸುಸಾನೊ ಎಂಟು ಕೊಪ್ಪರಿಗೆ ಮದ್ಯವನ್ನಿಟ್ಟು ಸರ್ಪವನ್ನು ಮತ್ತಗೊಳಿಸಿ ಕೊಂದನು. ಅಲ್ಲಿ ಹೆಣ್ಣು ಉಳಿದಳು. ಮತ್ತೊಂದು ಕಡೆ, ಯಾಮಾತೊ ತಾಕೆರು ಎಂಬ ವೀರನ ಹಡಗು ಬಿರುಗಾಳಿಗೆ ಸಿಕ್ಕಿದಾಗ ಅವನ ಪತ್ನಿ ಒತೊತಾಚಿಬಾನಾ ಅಲೆಗಳ ಮೇಲೆ ಚಾಪೆಗಳನ್ನು ಹಾಸಿ ಅದರ ಮೇಲೆ ತಾನೇ ಇಳಿದು ಮುಳುಗಿದಳು; ಕಡಲು ಶಾಂತವಾಯಿತು. ಇಲ್ಲಿ ಹೆಣ್ಣು ಹೋದಳು, ವೀರನ ದಂಡಯಾತ್ರೆ ಮುಂದುವರಿಯಿತು.

ಆಟದ ಕಥೆ: ತಾಯಿ, ಬೆಟ್ಟ, ಇಬ್ಬರು ಮಕ್ಕಳು

'ಗಾಡ್ ವಾರ್ಸ್'ನ ಕಥೆ ಈ ಎರಡನೆಯ ಬಗೆಯ ಬಲಿಯಿಂದಲೇ ಆರಂಭವಾಗುತ್ತದೆ. ಫೂಜಿ, ಹ್ಯೂಗಾ, ಇಜುಮೊ ಎಂದು ಮೂರು ನಾಡುಗಳು. ಮನುಷ್ಯರು ಪರಸ್ಪರ ಕಾದಾಡಿ ನಿಸರ್ಗದ ಸಮತೋಲವನ್ನು ಕೆಡಿಸಿದ್ದಾರೆ, ದೇವತೆಗಳು ಮುನಿದಿದ್ದಾರೆ, ಫೂಜಿ ಪರ್ವತ ಬೆಂಕಿ ಕಾರುತ್ತಿದೆ. ನಾಡನ್ನು ಉಳಿಸಲೆಂದು ರಾಣಿ ತ್ಸುಕುಯೋಮಿ ತನ್ನ ಮಗಳು ಸಾಕುಯಾಳನ್ನು ಪರ್ವತಕ್ಕೆ ಬಲಿಕೊಟ್ಟು ಕಣ್ಮರೆಯಾಗುತ್ತಾಳೆ. ಇನ್ನೊಬ್ಬ ಮಗಳು ಕಾಗುಯಾ ಮುಂದಿನ ಬಲಿಗೆಂದು ಸೆರೆಯಲ್ಲಿ ಬೆಳೆಯುತ್ತಾಳೆ. ಹದಿಮೂರು ವರ್ಷಗಳಾದ ಮೇಲೆ ಬಾಲ್ಯದ ಗೆಳೆಯ ಕಿಂತಾರೋ ಅವಳನ್ನು ಬಿಡಿಸುತ್ತಾನೆ. ತಾಯಿ ಎಲ್ಲಿ ಹೋದಳು, ಅಕ್ಕನನ್ನು ಏಕೆ ಕೊಟ್ಟಳು ಎಂಬುದನ್ನು ತಿಳಿಯಲು ಕಾಗುಯಾ ಹೊರಡುತ್ತಾಳೆ. ಆಟವೆಲ್ಲ ಈ ಹುಡುಕಾಟವೇ.

ಪಾತ್ರಗಳ ಹೆಸರುಗಳನ್ನು ರಚನಕಾರರು ವಿಚಾರಮಾಡಿಯೇ ಆರಿಸಿದಂತೆ ತೋರುತ್ತದೆ. ಕಾಗುಯಾ ಕೋಜಿಕಿಯವಳಲ್ಲ, ಹತ್ತನೆಯ ಶತಮಾನದಷ್ಟು ಹಳೆಯದಾದ ಬಿದಿರು ಕಡಿಯುವವನ ಕಥೆಯ ನಾಯಕಿ. ಹೊಳೆಯುವ ಬಿದಿರಿನೊಳಗೆ ಮುದುಕನಿಗೆ ಸಿಕ್ಕ ಮಗು ಅವಳು. ಬೆಳೆದ ಮೇಲೆ ಐವರು ವರರಿಗೆ ಅಸಾಧ್ಯವಾದ ಒಂದೊಂದು ವಸ್ತುವನ್ನು ತರಹೇಳುತ್ತಾಳೆ. ಅವುಗಳಲ್ಲೊಂದು ನಮ್ಮ ಭಾರತದಲ್ಲಿದ್ದ ಬುದ್ಧನ ಕಲ್ಲಿನ ಭಿಕ್ಷಾಪಾತ್ರೆ! ಕೊನೆಗೆ ಅವಳು ಹುಣ್ಣಿಮೆಯ ರಾತ್ರಿ ತನ್ನ ತವರಾದ ಚಂದ್ರಲೋಕಕ್ಕೆ ಮರಳುತ್ತಾಳೆ. ಚಂದ್ರಲೋಕದ ಮಗಳಿಗೆ ಚಂದ್ರದೇವತೆಯ ಹೆಸರಿನ ತಾಯಿಯನ್ನು ಕೊಟ್ಟಿರುವುದು ಉಚಿತವಾಗಿಯೇ ಇದೆ. ಸಂಪ್ರದಾಯದಲ್ಲಿ ತ್ಸುಕುಯೋಮಿಯನ್ನು ಸಾಮಾನ್ಯವಾಗಿ ಪುರುಷದೇವತೆಯೆಂದು ಭಾವಿಸುವರಾದರೂ ಆಟದಲ್ಲಿ ಆ ಹೆಸರು ಒಬ್ಬ ತಾಯಿಯದಾಗಿದೆ. ಕಿಂತಾರೋ ಆಶಿಗಾರಾ ಬೆಟ್ಟದಲ್ಲಿ ಕರಡಿಗಳೊಡನೆ ಬೆಳೆದ, ಕೊಡಲಿ ಹಿಡಿದ ಬಲಶಾಲಿ ಬಾಲಕ. ಪೀಚ್ ಹಣ್ಣಿನಿಂದ ಹುಟ್ಟಿ ನಾಯಿ, ಕೋತಿ, ಕಾಡುಕೋಳಿಯಂಥ ಹಕ್ಕಿಗಳೊಡನೆ ರಾಕ್ಷಸರ ಮೇಲೆ ಹೋದ ಮೊಮೊತಾರೋ ಸಹ ಇಲ್ಲಿ ಬರುತ್ತಾನೆ. ಜಪಾನೀ ಅಜ್ಜಿಯರು ಮಕ್ಕಳಿಗೆ ಬೇರೆಬೇರೆಯಾಗಿ ಹೇಳುತ್ತಿದ್ದ ಕಥೆಗಳ ವೀರರು ಇಲ್ಲಿ ಒಂದೇ ದಂಡಿನಲ್ಲಿ ನಡೆಯುತ್ತಾರೆ.

ಸಾಕುಯಾಳ ಹೆಸರಿನಲ್ಲಿ ಮಾತ್ರ ಒಂದು ನೋವಿನ ತಿರುವಿದೆ. ಕೋಜಿಕಿಯ ಕೊನೊಹಾನಾಸಾಕುಯಾ ಹೂವು ಅರಳಿಸುವ ದೇವತೆ. ಫೂಜಿ ಪರ್ವತದ ಅಧಿದೇವತೆಯಾಗಿ ಸೆಂಗೆನ್ ದೇಗುಲಗಳಲ್ಲಿ ಇಂದಿಗೂ ಪೂಜೆಗೊಳ್ಳುವವಳು. ಮದುವೆಯಾದ ಒಂದೇ ರಾತ್ರಿಗೆ ಅವಳು ಗರ್ಭಿಣಿಯಾದಾಗ ಪತಿ ಶಂಕಿಸಿದನು. ಅವಳು ಬಾಗಿಲಿಲ್ಲದ ಹೆರಿಗೆಯ ಮನೆಯನ್ನು ಹೊಕ್ಕು, ತಾನೇ ಅದಕ್ಕೆ ಬೆಂಕಿಯಿಟ್ಟು, ಉರಿಯ ನಡುವೆ ಮೂವರು ಗಂಡುಮಕ್ಕಳನ್ನು ಹೆತ್ತಳು. ಇದನ್ನು ಕೇಳುವಾಗ ಸೀತಾದೇವಿಯ ಅಗ್ನಿಪರೀಕ್ಷೆಯನ್ನು ನೆನೆಯದ ಭಾರತೀಯರಿರಲಾರರು. ಪುರಾಣದ ಸಾಕುಯಾ ತಾನಾಗಿ ಬೆಂಕಿಗೆ ನಿಂತು ಗೆದ್ದವಳು. ಆಟದ ಸಾಕುಯಾಳನ್ನು ಬೆಂಕಿಗೆ ಕೊಟ್ಟವರು ಬೇರೆಯವರು, ಅದೂ ಹೆತ್ತವಳು.

ಕೇಳುವವರು ಯಾರು?

ಈ ಕಥೆಯನ್ನು ಕೇಳಿದಾಗ ನನಗೆ 'ಕೆರೆಗೆ ಹಾರ'ದ ನೆನಪಾಯಿತು. ಕಲ್ಲನಕೇರಿಯ ಮಲ್ಲನಗೌಡನು ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲ. ಬಲಿ ಬೇಕೆಂದು ಶಾಸ್ತ್ರದಲ್ಲಿ ಬಂತು. ಕಿರಿಯ ಸೊಸೆ ಭಾಗೀರಥಿ ಹಾರವಾದಳು. ನಮ್ಮ ತಾಯಂದಿರು ಆ ಹಾಡನ್ನು ಕೇಳಿ ಕಣ್ಣೀರು ಹಾಕಿದ್ದನ್ನು ನಾನು ಬಲ್ಲೆ. ಆ ಮನೆಯಲ್ಲಿ ಏಕೆ ಎಂದು ಕೇಳುವವರು ಒಬ್ಬರೂ ಇರಲಿಲ್ಲ. ದಂಡಿನಿಂದ ಬಂದ ಗಂಡನು ವಿಷಯ ತಿಳಿದು ಅದೇ ಕೆರೆಗೆ ಹಾರಿದನು. ಅವನ ಸಾವು ಒಂದು ಪ್ರಶ್ನೆಯೇ ಸರಿ, ಆದರೆ ಉತ್ತರ ಕೇಳಲು ಅವನು ಉಳಿಯಲಿಲ್ಲ.

'ಗಾಡ್ ವಾರ್ಸ್'ನ ವೈಶಿಷ್ಟ್ಯವೆಂದರೆ ಕೇಳುವವಳು ಉಳಿದಿರುವುದು. ಮುಂದಿನ ಸರದಿ ಯಾರದೋ ಅವಳೇ ಕೇಳುತ್ತಾಳೆ. ಅಷ್ಟೇ ಅಲ್ಲ, ಆಡುವ ಮಗುವು ಬಲಿಕೊಡುವವರ ಸ್ಥಾನದಲ್ಲಿ ಕುಳಿತಿಲ್ಲ; ಬಲಿಯಾಗಬೇಕಾಗಿದ್ದವಳ ಜೊತೆಯಲ್ಲಿ ನಡೆಯುತ್ತದೆ. ಆದರೆ ರಾಣಿಯನ್ನು ರಾಕ್ಷಸಿಯೆಂದು ಸುಲಭವಾಗಿ ತಳ್ಳಿಹಾಕುವಂತೆಯೂ ಇಲ್ಲ. ಅವಳ ಮುಂದೆ ಉರಿಯುವ ಬೆಟ್ಟವೂ ಸಾವಿರಾರು ಜನರ ಪ್ರಾಣವೂ ಇದ್ದವು. ಫೂಜಿ ಬೆಂಕಿ ಕಾರಿದ್ದು ಕೇವಲ ಕಲ್ಪನೆಯಲ್ಲ. 864ರಲ್ಲಿಯೂ 1707ರಲ್ಲಿಯೂ ನಡೆದ ಮಹಾಸ್ಫೋಟಗಳು ಇತಿಹಾಸದಲ್ಲಿ ದಾಖಲಾಗಿವೆ. ಅಂಥ ಬೆಟ್ಟದ ಬುಡದಲ್ಲಿ ಬದುಕಿದವರ ಭಯದಿಂದ ಹುಟ್ಟಿದ ಕಥೆಗಳನ್ನು ನಾವು ದೂರದಲ್ಲಿ ಕುಳಿತು ಹಗುರವಾಗಿ ನೋಡಬಾರದು.

ಮೈಲಿಗೆಯ ಲೆಕ್ಕ

ಈ ಆಟದಲ್ಲಿ ನನ್ನ ಗಮನ ಸೆಳೆದ ಇನ್ನೊಂದು ಅಂಶವುಂಟು. ಜಪಾನೀಯರ ಶಿಂತೋ ಸಂಪ್ರದಾಯದಲ್ಲಿ ಕೇಗಾರೆ ಎಂಬ ಭಾವನೆಯಿದೆ. ಸಾವು, ರಕ್ತ, ರೋಗಗಳಿಂದ ಅಂಟುವುದು ಅದು, ನೀರಿನಿಂದ ಕಳೆಯುವುದು. ನಮ್ಮಲ್ಲಿ ಮೈಲಿಗೆ ಎಂದರೆ ಸರಿಹೋದೀತು. ಆಟದವರು ಇದನ್ನೊಂದು ಲೆಕ್ಕವನ್ನಾಗಿ ಮಾಡಿದ್ದಾರೆ. ರಣದಲ್ಲಿ ಒಬ್ಬನು ತನ್ನ ಕೌಶಲಗಳನ್ನು ಬಳಸಿದಂತೆಲ್ಲ ಅವನ ಮೈಲಿಗೆ ಏರುತ್ತದೆ. ಯಾರಿಗೆ ಮೈಲಿಗೆ ಹೆಚ್ಚೋ ಅವನ ಮೇಲೆಯೇ ಶತ್ರುಗಳು ಮುಗಿಬೀಳುತ್ತಾರೆ.

ಇದರ ಪರಿಣಾಮವನ್ನು ನೋಡಿ. ಹೆಚ್ಚು ಹೋರಾಡಿದವನಿಗೆ, ಗಾಯಗೊಂಡವರನ್ನು ಹೆಚ್ಚು ಸಲಹಿದವಳಿಗೆ ಮೈಲಿಗೆ. ಮೂಲೆಯಲ್ಲಿ ಸುಮ್ಮನೆ ನಿಂತವನು ಮಡಿವಂತ! ಕಾಯಕ ಮಾಡುವವನನ್ನು ಮೈಲಿಗೆಯೆಂದು ದೂರವಿಟ್ಟ ಲೋಕರೀತಿಯನ್ನು ನಮ್ಮ ಶರಣರು ಒಪ್ಪಲಿಲ್ಲವೆಂಬುದನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ. ರಚನಕಾರರು ಇಷ್ಟನ್ನೆಲ್ಲ ಚಿಂತಿಸಿ ಈ ನಿಯಮವನ್ನು ಮಾಡಿದರೋ, ಯುದ್ಧದ ಅನುಕೂಲಕ್ಕಾಗಿ ಮಾಡಿದರೋ, ಹೇಗೂ ಇರಲಿ. ಆಡುವವರು ಮಾತ್ರ ಒಂದು ಪಾಠ ಕಲಿಯುತ್ತಾರೆ. ಮೈಲಿಗೆ ಏರಿದ ಸಂಗಾತಿಯನ್ನು ಒಂಟಿಯಾಗಿ ಬಿಡಬಾರದು. ಗಟ್ಟಿಗರು ಅವನ ಸುತ್ತ ನಿಲ್ಲಬೇಕು.

ನಾನು ಸಿಕ್ಕಿಬಿದ್ದ ಪ್ರಸಂಗ

ಒಂದು ಮಧ್ಯಾಹ್ನ ಯುದ್ಧ ಕಠಿಣವಾಗಿತ್ತು. ನಮ್ಮವರಲ್ಲಿ ಒಬ್ಬನ ಪ್ರಾಣಶಕ್ತಿ ತೀರ ಇಳಿದಿತ್ತು. ಮೊಮ್ಮಗಳು ಬಹಳ ಹೊತ್ತು ಯೋಚಿಸುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಮಠದ ಪಡಸಾಲೆಯಲ್ಲಿ ಕಲಿತ ವಿದ್ಯೆ ನಾಲಗೆಗೆ ಬಂತು. "ಆ ಸಣ್ಣವನನ್ನು ಮುಂದೆ ಬಿಡಮ್ಮ. ಎಲ್ಲರೂ ಅವನ ಮೇಲೆ ಬೀಳುತ್ತಾರೆ. ಅವನು ಹೋದರೂ ಹೋಗಲಿ, ಉಳಿದವರು ಹಿಂದಿನಿಂದ ಬಂದು ಗೆಲ್ಲುತ್ತಾರೆ" ಎಂದೆ.

ಅವಳು ಯಂತ್ರವನ್ನು ಮಡಿಲಲ್ಲಿಟ್ಟು ನನ್ನ ಮುಖವನ್ನೇ ನೋಡಿದಳು. "ಅಜ್ಜ, ನೀವೂ ಆ ರಾಣಿ ಹಾಗೇ ಮಾತಾಡ್ತೀರಲ್ಲ!" ಎಂದಳು.

ನಗುತ್ತಲೇ ಅಂದ ಮಾತು. ಆದರೆ ನನಗೆ ಆ ಸಂಜೆಯೆಲ್ಲ ಅದೇ ಧ್ಯಾನವಾಯಿತು. ತಾಯಿ ಮಗಳನ್ನು ಬಲಿಕೊಟ್ಟದ್ದು ಅನ್ಯಾಯವೆಂದು ಹಿಂದಿನ ದಿನವಷ್ಟೇ ನಾನು ಅವಳಿಗೆ ಗಂಭೀರವಾಗಿ ಬೋಧಿಸಿದ್ದೆ. ಗೆಲುವು ಕಣ್ಣಿಗೆ ಬಿದ್ದೊಡನೆ, ಇಳಿದ ಬಲದ ಒಬ್ಬನನ್ನು ಕೊಡಲು ನನಗೆ ಒಂದು ಗಳಿಗೆಯೂ ಬೇಕಾಗಲಿಲ್ಲ. ಅದು ಬೊಂಬೆಯೆಂಬುದು ನಿಜ. ಆದರೆ ನಿಜವಾದ ಮನೆಗಳಲ್ಲಿ ನಾವು ಮಾಡುವುದೇನು? ತಮ್ಮನ ಓದಿಗಾಗಿ ಅಕ್ಕನ ಓದನ್ನು ನಿಲ್ಲಿಸಿದ ಮನೆಗಳು ಎಷ್ಟಿಲ್ಲ? ಮನೆತನದ ಮರ್ಯಾದೆಗೆಂದು ಮಗಳ ಮನಸ್ಸನ್ನು ಕೇಳದೆ ಮಾತು ಕೊಟ್ಟ ತಂದೆಯರು ಎಷ್ಟಿಲ್ಲ? ಯಾರು ಹೆಚ್ಚು ಸುಮ್ಮನಿರುತ್ತಾರೋ ಅವರೇ ಕಾಲಾಳಾಗುತ್ತಾರೆ. ಎಲ್ಲರ ಒಳಿತಿಗಾಗಿ ಎಂಬ ಮಾತು ಆ ರಾಣಿಯ ಬಾಯಲ್ಲಿ ಮಾತ್ರ ಇಲ್ಲ.

ಆ ಯುದ್ಧವನ್ನು ಮೊಮ್ಮಗಳು ಸೋತಳು. ಎರಡನೆಯ ಸಲವೂ ಸೋತಳು. ಮೂರನೆಯ ಸಲ ಮೊದಲ ನಡೆಯಿಂದಲೇ ಎಚ್ಚರ ವಹಿಸಿ, ದುರ್ಬಲನನ್ನು ಎತ್ತರದ ನೆಲದಲ್ಲಿ ನಿಲ್ಲಿಸಿ, ಬಲಿಷ್ಠನನ್ನು ಅವನ ಮುಂದಿಟ್ಟು, ಎಲ್ಲರನ್ನೂ ಉಳಿಸಿಕೊಂಡು ಗೆದ್ದಳು. ಒಟ್ಟು ಎರಡು ಗಂಟೆ ಹಿಡಿಯಿತು. ನಾನು ಹೇಳಿದ ದಾರಿಯಲ್ಲಿ ಹೋಗಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು.

ಹಿರಿಯರ ಗಮನಕ್ಕೆ

ಈ ಆಟದಲ್ಲಿ ದೋಷಗಳಿಲ್ಲವೆಂದಲ್ಲ. ಬೇರೆ ಬೇರೆ ಕಾಲದ ಕಥೆಗಳನ್ನು ಒಂದೇ ಪಾತ್ರೆಗೆ ಸುರಿದಿರುವುದರಿಂದ ಇದನ್ನೇ ಜಪಾನಿನ ಪುರಾಣವೆಂದು ಮಕ್ಕಳು ನಂಬಬಾರದು. ಒಂದೇ ಬಗೆಯ ಯುದ್ಧಗಳು ಮತ್ತೆ ಮತ್ತೆ ಬಂದು ಬೇಸರವಾಗುವುದೂ ಉಂಟು. ಪೂರ್ತಿ ಆಡಲು ಹತ್ತಾರು ಗಂಟೆಗಳು ಬೇಕು. ಯೋಮಿ ಲೋಕದ ಭಾಗವನ್ನು ಸೇರಿಸಿ 2018ರಲ್ಲಿ ಬಂದ ವಿಸ್ತೃತ ಆವೃತ್ತಿಗಂತೂ ಇನ್ನೂ ಹೆಚ್ಚು. ಆದುದರಿಂದ ಕಾಲದ ಮಿತಿ ಅವಶ್ಯವಾಗಿ ಬೇಕು. ನಮ್ಮ ಮನೆಯಲ್ಲಿ ದಿನಕ್ಕೆ ಒಂದೇ ಯುದ್ಧವೆಂದು ಗೊತ್ತುಮಾಡಿದೆವು. ಆಟವೇ ಕಾಯುವಂಥದಾದುದರಿಂದ ಆ ನಿಯಮ ಪಾಲಿಸುವುದು ಕಷ್ಟವಾಗಲಿಲ್ಲ.

ಮಕ್ಕಳ ಕೈಯಿಂದ ಯಂತ್ರವನ್ನು ಕಸಿದುಕೊಳ್ಳುವ ಮುನ್ನ ಒಂದು ದಿನ ಅವರ ಪಕ್ಕದಲ್ಲಿ ಕುಳಿತು ಕಥೆಯನ್ನು ಕೇಳಬೇಕೆಂದು ತಂದೆತಾಯಿಗಳಲ್ಲಿ ನನ್ನ ವಿನಂತಿ. ಅದು ಕೇಡಿನ ಆಟವಾಗಿದ್ದರೆ ಕಾರಣ ಹೇಳಿ ಬಿಡಿಸಬಹುದು. ಒಳ್ಳೆಯದಾಗಿದ್ದರೆ ಅದರ ಮೂಲ ಕಥೆಯನ್ನೂ, ಅದಕ್ಕೆ ಜೋಡಿಯಾದ ನಮ್ಮ ನಾಡಿನ ಕಥೆಯನ್ನೂ ಹೇಳಬಹುದು. ಭಾಗೀರಥಿಯ ಕಥೆಯನ್ನು ನನ್ನ ಮೊಮ್ಮಗಳು ಮೊದಲು ಕೇಳಿದ್ದು ಈ ಆಟದ ನೆಪದಿಂದಲೇ.

ಕೇಳಿ ಮುಗಿಸಿದ ಮೇಲೆ ಅವಳು ಒಂದೇ ಒಂದು ಪ್ರಶ್ನೆ ಹಾಕಿದಳು. "ಭಾಗೀರಥಿಗೆ ತಂಗಿ ಇರಲಿಲ್ವಾ ಅಜ್ಜ?" ಹಾಡಿನಲ್ಲಿ ಅದಕ್ಕೆ ಉತ್ತರವಿಲ್ಲ. ಇದ್ದಿದ್ದರೆ ಅವಳೂ ಒಂದು ದಿನ ಕಲ್ಲನಕೇರಿಗೆ ಹೊರಟು ಬರುತ್ತಿದ್ದಳೇನೋ.